ಹಿಮದ ಹಾದಿಯಲ್ಲಿ ವಿದ್ಯುತ್ ಬಂಡಿ

ಚಳಿ ಏರಿದಂತೆ ವಿದ್ಯುತ್ ಕಾರಿನ ಓಟ ಕುಗ್ಗುತ್ತದೆ. ಹಿಮದ ಮೇಲೆ ಅದರ ನಡೆಯೂ ಬದಲಾಗುತ್ತದೆ. ಆದರೂ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಈ ಕಾರನ್ನು ಮನೆಗೆ ಕರೆದುಕೊಂಡವರು ಹಿಮದ ನಾಡಿನವರೇ! ಹೇಗೆ?

2024ರ ಜನವರಿಯ ನಡುಭಾಗ. ನಮ್ಮ ಮನೆಗಳಲ್ಲಿ ಎಳ್ಳುಬೆಲ್ಲ ಹಂಚುತ್ತಿದ್ದ ಸಂಕ್ರಾಂತಿಯ ಆ ದಿನಗಳಲ್ಲಿಯೇ, ಧ್ರುವಪ್ರದೇಶದ ಕಡೆಯಿಂದ ಬೀಸಿ ಬಂದ ಶೀತಮಾರುತವೊಂದು ಅಮೆರಿಕದ ಶಿಕಾಗೋ ನಗರದ ಉಷ್ಣತೆಯನ್ನು ಸೊನ್ನೆಗಿಂತ ಸುಮಾರು 20 ಡಿಗ್ರಿಗಳಷ್ಟು ಕೆಳಗಿಳಿಸಿ, ಊರ ಹೊರವಲಯದ ಚಾರ್ಜಿಂಗ್ ನಿಲ್ದಾಣಗಳ ಮುಂದೆ ವಿದ್ಯುತ್ ಕಾರುಗಳ ಉದ್ದನೆಯ ಸಾಲುಗಳನ್ನು ನಿಲ್ಲಿಸಿತು.

ಕೇಬಲು ಸಿಕ್ಕಿಸಿದರೂ ಚಾರ್ಜು ಏರದ ಕಾರುಗಳು, ಸರದಿಗಾಗಿ ಕಾಯುತ್ತ ಕಾಯುತ್ತ ಬ್ಯಾಟರಿ ಪೂರ್ತಿ ಬರಿದಾಗಿ ನಿಂತಲ್ಲೇ ನಿಂತುಹೋದ ಕಾರುಗಳು, ಅವುಗಳನ್ನು ಎಳೆದೊಯ್ಯಲು ಬಂದ ಲಾರಿಗಳು: ಈ ದೃಶ್ಯಗಳು ಒಂದೆರಡು ದಿನಗಳಲ್ಲಿ ಜಗತ್ತಿನ ಟಿ.ವಿ. ಪರದೆಗಳ ಮೇಲೆಲ್ಲ ಹರಡಿದುವು. ವಿದ್ಯುತ್ ಕಾರು ಚಳಿದೇಶಕ್ಕೆ ತಕ್ಕುದಲ್ಲವೆಂಬ ತೀರ್ಪನ್ನು ಅನೇಕರು ಆಗಲೇ ಬರೆದೂ ಬಿಟ್ಟರು.

ಅದೇ ಜನವರಿಯ ಮೊದಲ ವಾರದಲ್ಲಿ ನಾರ್ವೆ ದೇಶದ ಉತ್ತರದಲ್ಲಿರುವ ಕೌಟೋಕೈನೋ ಎಂಬ ಊರಿನಲ್ಲಿ ಉಷ್ಣತೆಯು ಸೊನ್ನೆಯ ಕೆಳಗೆ 43 ಡಿಗ್ರಿಗಳಿಗೆ ಇಳಿದಿತ್ತು. ಆ ದೇಶದಲ್ಲಿ ಆ ವರ್ಷ ಮಾರಾಟವಾದ ಹೊಸ ಕಾರುಗಳಲ್ಲಿ ಶೇಕಡಾ 89ರಷ್ಟು ವಿದ್ಯುತ್ತಿನವು. ವರ್ಷದ ಸೆಪ್ಟೆಂಬರ್ ಹೊತ್ತಿಗೆ ರಸ್ತೆಯ ಮೇಲಿನ ಒಟ್ಟು ಸಂಖ್ಯೆಯಲ್ಲಿಯೂ ವಿದ್ಯುತ್ ಕಾರುಗಳು ಪೆಟ್ರೋಲ್ ಕಾರುಗಳನ್ನು ಮೀರಿದುವು. ಶಿಕಾಗೋದಲ್ಲಿ ಸೋತ ಯಂತ್ರವೇ ಅದಕ್ಕಿಂತ ಕಠಿನವಾದ ಚಳಿಯ ನಾಡಿನಲ್ಲಿ ದಿನದ ಬದುಕಿಗೆ ಒದಗುತ್ತಿರುವುದು ಹೇಗೆಂಬುದನ್ನು ವಿಚಾರಿಸಲು ಹೊರಟರೆ, ದಾರಿಯು ಮೊದಲು ರಸಾಯನಶಾಸ್ತ್ರದ ಕಡೆಗೂ ಕಡೆಗೆ ಮನೆಯ ಗೋಡೆಯ ಕಡೆಗೂ ನಮ್ಮನ್ನು ಒಯ್ಯುತ್ತದೆ.

ಉತ್ತರದೇಶದ ಪಂಡಿತನ ಸೂತ್ರ

1884ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯಕ್ಕೆ ಸ್ವಾಂಟೆ ಅರೇನಿಯಸ್ ಎಂಬ ತರುಣನು ಒಂದು ಪ್ರೌಢಪ್ರಬಂಧವನ್ನು ಒಪ್ಪಿಸಿದನು. ನೀರಿನಲ್ಲಿ ಕರಗಿದ ಲವಣವು ವಿದ್ಯುದಾವೇಶವುಳ್ಳ ಕಣಗಳಾಗಿ, ಎಂದರೆ ಅಯಾನುಗಳಾಗಿ, ಒಡೆದುಕೊಂಡಿರುತ್ತದೆಂಬ ವಿಚಾರಕ್ಕೆ ಬೀಜವಾದ ಆ ಪ್ರಬಂಧಕ್ಕೆ ಪರೀಕ್ಷಕರು ಕೊಟ್ಟ ದರ್ಜೆ ತೀರ ಕೆಳಗಿನದು. ಅದೇ ವಿಚಾರಕ್ಕಾಗಿ 1903ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು.

ನಡುವೆ 1889ರಲ್ಲಿ, ಉಷ್ಣತೆ ಇಳಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಎಷ್ಟು ತೀವ್ರವಾಗಿ ಕುಗ್ಗುತ್ತದೆಂಬುದನ್ನು ತಿಳಿಸುವ ಸಮೀಕರಣವನ್ನು ಆತನು ವಿವರಿಸಿದ್ದನು. 1896ರಲ್ಲಿ, ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಭೂಮಿಯು ಎಷ್ಟು ಬಿಸಿಯಾದೀತೆಂಬ ಲೆಕ್ಕವನ್ನೂ ಕೈಯಲ್ಲೇ ಹಾಕಿ ಪ್ರಕಟಿಸಿದನು. ವಿದ್ಯುತ್ ಕಾರು ನಮಗೆ ಏತಕ್ಕೆ ಬೇಕೆಂಬ ಪ್ರಶ್ನೆಗೂ, ಅದು ಚಳಿಯಲ್ಲಿ ಏತಕ್ಕೆ ಸೊರಗುತ್ತದೆಂಬ ಪ್ರಶ್ನೆಗೂ ಉತ್ತರವನ್ನು ಒಬ್ಬನೇ ಮನುಷ್ಯನು, ಅದೂ ಹಿಮದ ನಾಡಿನವನು, ಕಾರುಗಳ ಯುಗಕ್ಕೆ ಮೊದಲೇ ಬರೆದಿಟ್ಟಿದ್ದನೆಂಬುದು ವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿಗಳಲ್ಲೊಂದು.

ಇಂದಿನ ಕಾರಿನ ಲೀಥಿಯಂ ಬ್ಯಾಟರಿಯೊಳಗೆ ಒಂದು ಕಡೆ ಗ್ರಾಫೈಟಿನ ಪದರಗಳು, ಇನ್ನೊಂದು ಕಡೆ ಲೋಹದ ಸಂಯುಕ್ತ, ನಡುವೆ ಎಲೆಕ್ಟ್ರೋಲೈಟ್ ಎಂಬ ದ್ರವ. ಕಾರು ಓಡುವಾಗ ಲೀಥಿಯಂ ಅಯಾನುಗಳು ಗ್ರಾಫೈಟನ್ನು ಬಿಟ್ಟು ದ್ರವದ ಮೂಲಕ ಆಚೆಯ ಧ್ರುವಕ್ಕೆ ಹೋಗಿ ಸೇರುತ್ತವೆ. ಚಾರ್ಜು ಮಾಡುವಾಗ ಅದೇ ದಾರಿಯಲ್ಲಿ ಮರಳಿ ಬರುತ್ತವೆ.

ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಬ್ಯಾಟರಿಯ ದ್ರವವು ಅಷ್ಟು ಗಟ್ಟಿಯಾಗದಿದ್ದರೂ ಚಳಿಗೆ ಮಂದವಾಗುತ್ತದೆ. ಅಯಾನುಗಳ ನಡೆ ನಿಧಾನವಾಗುತ್ತದೆ. ಒಳಗಿನ ಪ್ರತಿರೋಧ ಏರುತ್ತದೆ. ಸಂಗ್ರಹವಾದ ಶಕ್ತಿ ಎಲ್ಲಿಯೂ ನಾಶವಾಗಿರುವುದಿಲ್ಲ, ಆದರೆ ಅದರಲ್ಲೊಂದು ಪಾಲನ್ನು ಹೊರತೆಗೆಯುವುದು ಆ ಹೊತ್ತಿಗೆ ಸಾಧ್ಯವಾಗುವುದಿಲ್ಲ. ಬ್ಯಾಟರಿ ಬೆಚ್ಚಗಾದರೆ ಆ ಪಾಲು ಮರಳಿ ಕೈಗೆ ಬರುತ್ತದೆ.

ಕೊಡುವುದಕ್ಕಿಂತಲೂ ಪಡೆಯುವುದು ಚಳಿಯಲ್ಲಿ ಹೆಚ್ಚು ಕಷ್ಟ. ತಣ್ಣಗಿರುವ ಬ್ಯಾಟರಿಗೆ ರಭಸದಿಂದ ವಿದ್ಯುತ್ತನ್ನು ತುಂಬಿದರೆ, ಗ್ರಾಫೈಟಿನ ಪದರಗಳೊಳಗೆ ನುಸುಳಲು ಸಮಯ ಸಾಲದ ಲೀಥಿಯಂ ಅದರ ಮೇಲ್ಮೈಯಲ್ಲಿಯೇ ಲೋಹವಾಗಿ ಲೇಪಗೊಳ್ಳುತ್ತದೆ. ಈ ಹಾನಿ ಶಾಶ್ವತವಾದದ್ದು, ಮಿತಿಮೀರಿದರೆ ಅಪಾಯಕರವೂ ಹೌದು. ಆದಕಾರಣ ಕಾರಿನ ಕಂಪ್ಯೂಟರು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿ, ಬಳಿಕವೇ ಚಾರ್ಜನ್ನು ಒಳಗೆ ಬಿಡುತ್ತದೆ.

ಶಿಕಾಗೋದಲ್ಲಿ ನಡೆದುದು ಇದೇ. ರಾತ್ರಿಯೆಲ್ಲ ಬೀದಿಬದಿಯಲ್ಲಿ ನಿಂತು ಕೊರೆದುಹೋದ ಕಾರು, ಅಳಿದುಳಿದ ಚಾರ್ಜಿನಲ್ಲಿ ನಿಲ್ದಾಣಕ್ಕೆ ಬಂದು, ಅಲ್ಲಿಯ ಸಾಲಿನಲ್ಲಿ ಹೀಟರು ಹಾಕಿಕೊಂಡು ಕಾದು, ಕೊನೆಗೆ ಕೇಬಲು ಸಿಕ್ಕಾಗ ಬಂದ ವಿದ್ಯುತ್ತಿನ ಬಹುಭಾಗವನ್ನು ಮೊದಲು ತನ್ನ ಮೈ ಕಾಯಿಸಿಕೊಳ್ಳಲು ವೆಚ್ಚ ಮಾಡಿತು. ಒಂದು ಕಾರಿನ ವಿಳಂಬ ಹಿಂದಿನ ಕಾರಿನದಕ್ಕೆ ಸೇರಿತು, ಅದರದು ಅದರ ಹಿಂದಿನದಕ್ಕೆ. ಕೆಲವೆಡೆ ಚಾರ್ಜರುಗಳೇ ಕೆಟ್ಟು ನಿಂತಮೇಲೆ ಹೇಳುವುದೇನಿದೆ.

ಬೆಚ್ಚಗಿರುವುದಕ್ಕೆ ತೆರಬೇಕಾದ ಬೆಲೆ

ಆದರೆ ಓಟ ಕುಗ್ಗುವುದಕ್ಕೆ ಬ್ಯಾಟರಿಯ ಜಡತೆಗಿಂತ ದೊಡ್ಡ ಕಾರಣ ಬೇರೊಂದಿದೆ. ಅಮೆರಿಕದ ವಾಹನ ಸಂಘವಾದ ಎಎಎ 2019ರಲ್ಲಿ ಐದು ವಿದ್ಯುತ್ ಕಾರುಗಳನ್ನು ಪರೀಕ್ಷಿಸಿದಾಗ, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಹೀಟರು ಹಾಕದೆ ಓಡಿಸಿದರೆ ರೇಂಜು, ಎಂದರೆ ಒಂದು ಚಾರ್ಜಿನಲ್ಲಿ ಓಡುವ ದೂರ, ಸರಾಸರಿ ಶೇಕಡಾ 12ರಷ್ಟು ಮಾತ್ರ ಇಳಿಯಿತು. ಹೀಟರು ಹಾಕಿದೊಡನೆ ಅದೇ ಇಳಿತ ಶೇಕಡಾ 41ಕ್ಕೆ ಏರಿತು. ಕಾರನ್ನು ಓಡಿಸುವ ಖರ್ಚಿಗಿಂತ ಒಳಗೆ ಕುಳಿತವರನ್ನು ಬೆಚ್ಚಗಿಡುವ ಖರ್ಚೇ ಇಲ್ಲಿ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ.

ಪೆಟ್ರೋಲ್ ಕಾರಿನಲ್ಲಿ ಈ ಖರ್ಚು ಕಾಣುವುದಿಲ್ಲವಲ್ಲ, ಏಕೆ? ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದ್ದರೆ, ಅದರಲ್ಲಿ ಚಕ್ರಗಳಿಗೆ ತಲಪುವುದು ಕಾಲುಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು; ಉಳಿದುದು ಎಂಜಿನ್ನಿನ ಕಾವಾಗಿ, ಹೊಗೆಯಾಗಿ ಗಾಳಿಪಾಲು. ಚಳಿಗಾಲದಲ್ಲಿ ಆ ವ್ಯರ್ಥವಾದ ಕಾವಿನದೊಂದು ಪಾಲನ್ನು ಒಳಗೆ ತಿರುಗಿಸಿಕೊಂಡು ನಾವು ಅದನ್ನು ಪುಕ್ಕಟೆಯೆಂದು ಭಾವಿಸಿದೆವು. ನಿಜವಾಗಿ ಅದಕ್ಕೆ ಬೇಸಿಗೆಯಲ್ಲಿಯೂ ಹಣ ತೆರುತ್ತಿದ್ದೆವು. ವಿದ್ಯುತ್ ಮೋಟಾರು ತಾನು ಪಡೆದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಚಲನೆಯಾಗಿಯೇ ಹಿಂದಿರುಗಿಸುವುದರಿಂದ, ಅದರ ಬಳಿ ದಾನ ಮಾಡಲು ಹೆಚ್ಚುವರಿ ಕಾವು ಇರುವುದಿಲ್ಲ. ಅದರ ಜಿಪುಣತನವೆನ್ನಿಸುವುದು ಅದರ ಮಿತವ್ಯಯವೇ ಆಗಿದೆ.

ಊರೊಳಗಿನ ದಟ್ಟಣೆಯಲ್ಲಿ ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ ಸಾಗುವ ಕಾರಿಗೆ ಚಲನೆಗೆಂದು ಬೇಕಾಗುವುದು ಸರಿಸುಮಾರು 3 ಕಿಲೊವ್ಯಾಟ್. ಹೀಟರೂ ಅಷ್ಟನ್ನೇ ಕೇಳಿದರೆ ರೇಂಜು ಅರ್ಧಕ್ಕೆ ಇಳಿಯಿತೆಂದೇ ಅರ್ಥ. ಹೆದ್ದಾರಿಯ ದೀರ್ಘ ಪ್ರಯಾಣದಲ್ಲಿ ಹೀಟರಿನ ಪಾಲು ಇಷ್ಟು ಚುಚ್ಚುವುದಿಲ್ಲ, ಒಮ್ಮೆ ಬೆಚ್ಚಗಾದ ಕಾರನ್ನು ಹಾಗೆಯೇ ಉಳಿಸಿಕೊಂಡರೆ ಸಾಕಾಗುತ್ತದೆ. ಬೆಳಗ್ಗೆ ಶಾಲೆಗೊಮ್ಮೆ, ಅಂಗಡಿಗೊಮ್ಮೆ, ಪ್ರತಿಸಲವೂ ತಣ್ಣಗಾದ ಕಾರನ್ನು ಹೊಸದಾಗಿ ಕಾಯಿಸುತ್ತ ಓಡಾಡುವ ಚಿಕ್ಕ ಪ್ರಯಾಣಗಳೇ ಬ್ಯಾಟರಿಯನ್ನು ತಿನ್ನುವುವು.

ಇದಕ್ಕೆ ಪರಿಹಾರವಾಗಿ ಬಂದುದು ಹೀಟ್ ಪಂಪು. ಫ್ರಿಜ್ಜಿನ ಯಂತ್ರವಿಧಾನವನ್ನೇ ತಿರುಗುಮುರುಗು ಮಾಡಿ, ಹೊರಗಿನ ತಣ್ಣನೆಯ ಗಾಳಿಯಲ್ಲಿ ಅಡಗಿರುವ ಕಾವನ್ನು ಹೀರಿ ಒಳಗೆ ಸಾಗಿಸುವ ಈ ಸಾಧನವು, ಮಿತವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಕಾವನ್ನು ಕೊಡಬಲ್ಲುದು. ಚಳಿ ತೀವ್ರವಾದಂತೆ ಅದರ ಬಲವೂ ಇಳಿಯುತ್ತದೆ. ಇಡೀ ಕಾರಿನ ಗಾಳಿಯನ್ನು ಕಾಯಿಸುವ ಬದಲು ಕುಳಿತ ಸೀಟನ್ನೂ ಹಿಡಿದ ಸ್ಟೀರಿಂಗನ್ನೂ ಬೆಚ್ಚಗೆ ಮಾಡಿಕೊಂಡರೆ ಅಲ್ಪ ವಿದ್ಯುತ್ತಿನಲ್ಲಿಯೇ ಕೆಲಸವಾಗುತ್ತದೆಂಬುದು ಹಿಮದ ನಾಡಿನ ಚಾಲಕರೆಲ್ಲ ಬಲ್ಲ ಉಪಾಯ.

> ಚೌಕಟ್ಟಿನೊಳಗೆ: ಚಳಿಯ ಲೆಕ್ಕ
>
> ಕಂಪನಿಗಳು ಘೋಷಿಸುವ ಯೂರೋಪಿನ ಡಬ್ಲ್ಯುಎಲ್‌ಟಿಪಿ ರೇಂಜನ್ನು ಅಳೆಯುವುದು 23 ಡಿಗ್ರಿ ಉಷ್ಣತೆಯ ಪ್ರಯೋಗಶಾಲೆಯಲ್ಲಿ.
>
> ನಾರ್ವೆಯ ವಾಹನ ಸಂಘವು ಪ್ರತಿ ಚಳಿಗಾಲದಲ್ಲಿ ಕಾರುಗಳನ್ನು ಓಸ್ಲೋದಿಂದ ಉತ್ತರದ ಬೆಟ್ಟಗಳ ಕಡೆಗೆ ಬ್ಯಾಟರಿ ಮುಗಿಯುವ ತನಕ ಓಡಿಸಿ ನೋಡುತ್ತದೆ. 2024ರಲ್ಲಿ ಓಡಿದ 23 ಕಾರುಗಳ ಪೈಕಿ ಟೆಸ್ಲಾ ಮಾಡೆಲ್ 3, ಘೋಷಿತ 629 ಕಿ.ಮೀ. ಬದಲು 441 ಕಿ.ಮೀ. ಕ್ರಮಿಸಿತು.
>
> ಚಳಿಯಲ್ಲಿ ಪೆಟ್ರೋಲ್ ಕಾರಿನ ಮೈಲೇಜೂ ಇಳಿಯುತ್ತದೆ: ಸೊನ್ನೆಗಿಂತ 7 ಡಿಗ್ರಿ ಕೆಳಗೆ, ಊರೊಳಗಿನ ಓಡಾಟದಲ್ಲಿ ಶೇಕಡಾ 15ರಷ್ಟು ಎನ್ನುತ್ತದೆ ಅಮೆರಿಕ ಸರ್ಕಾರದ ಅಂದಾಜು.
>
> 20 ಡಿಗ್ರಿಯ ಗಾಳಿಗಿಂತ ಸೊನ್ನೆಯ ಕೆಳಗೆ 20 ಡಿಗ್ರಿಯ ಗಾಳಿ ಸುಮಾರು ಶೇಕಡಾ 16ರಷ್ಟು ಸಾಂದ್ರ. ಅದನ್ನು ಸೀಳಿಕೊಂಡು ಸಾಗಲು ಪ್ರತಿ ಕಾರೂ ಅಷ್ಟು ಹೆಚ್ಚು ಶ್ರಮಪಡಬೇಕು.

ಜಾರುವ ನೆಲದ ಮೇಲೆ

ರೇಂಜಿನ ಮಾತು ಎಲ್ಲರ ಬಾಯಲ್ಲಿಯೂ ಇದೆ. ಹಿಮದ ಮೇಲೆ ಈ ಕಾರು ಹೇಗೆ ನಡೆಯುತ್ತದೆಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಪ್ರಾಣಕ್ಕೆ ಸಂಬಂಧಪಟ್ಟುದು ಎರಡನೆಯದೇ ಆದುದರಿಂದ ಅಲ್ಲಿ ತುಸು ನಿಲ್ಲುವುದು ಉಚಿತ.

ವಿದ್ಯುತ್ ಕಾರಿನ ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರು ಜನರೇಟರಾಗಿ ಮಾರ್ಪಟ್ಟು, ಕಾರಿನ ವೇಗವನ್ನು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ. ಕಾರು ತಾನಾಗಿಯೇ ನಿಧಾನವಾಗುತ್ತದೆ. ರೀಜೆನ್ ಎಂದು ಎಲ್ಲರೂ ಕರೆಯುವ ಈ ವ್ಯವಸ್ಥೆಗೆ ಕಾಲು ಎಷ್ಟು ಒಗ್ಗಿಹೋಗುತ್ತದೆಂದರೆ ಬ್ರೇಕಿನ ಪೆಡಲನ್ನು ಮುಟ್ಟುವ ಸಂದರ್ಭವೇ ಅಪರೂಪವಾಗುತ್ತದೆ.

ಆದರೆ ಹೆಪ್ಪುಗಟ್ಟುವ ಬೆಳಗಿನಲ್ಲಿ ಬ್ಯಾಟರಿ ಚಾರ್ಜನ್ನು ಒಳಗೆ ಬಿಟ್ಟುಕೊಳ್ಳದಷ್ಟೆ? ಆಗ ಚಾಲಕನು ಮನೆಯ ಮುಂದಿನ ಇಳಿಜಾರಿನಲ್ಲಿ ರೂಢಿಯಂತೆ ಕಾಲು ತೆಗೆಯುತ್ತಾನೆ, ಕಾರು ಮಾತ್ರ ನಿನ್ನೆಯಂತೆ ನಿಧಾನವಾಗದೆ ಹಾಗೆಯೇ ಉರುಳುತ್ತ ಹೋಗುತ್ತದೆ. ಕೆಲವು ಕಾರುಗಳ ಪರದೆಯ ಮೇಲೆ ರೀಜೆನ್ನಿನ ಗೆರೆ ತುಂಡು ತುಂಡು ಚುಕ್ಕೆಗಳಾಗಿ ಕಾಣಿಸಿ ಇದನ್ನು ಮುಂಚಿತವಾಗಿ ತಿಳಿಸುತ್ತದೆ. ಇನ್ನು ಕೆಲವು ಕಾರುಗಳು ತಾವೇ ಮಾಮೂಲು ಬ್ರೇಕನ್ನು ಬೆರೆಸಿ ಕೊರತೆಯನ್ನು ತುಂಬಿಕೊಳ್ಳುತ್ತವೆ. ತನ್ನ ಕಾರು ಯಾವ ಜಾತಿಯದೆಂಬುದನ್ನು ಮೊದಲ ಹಿಮ ಬೀಳುವುದಕ್ಕೆ ಮುಂಚೆಯೇ ತಿಳಿದುಕೊಂಡಿರಬೇಕು.

ಬ್ಯಾಟರಿ ಬೆಚ್ಚಗಾಗಿ ರೀಜೆನ್ ಪೂರ್ಣಬಲಕ್ಕೆ ಬಂದಮೇಲೆ ಅಪಾಯ ಇನ್ನೊಂದು ಮುಖದಿಂದ ಬರುತ್ತದೆ. ಮಂಜುಗಡ್ಡೆಯ ತಿರುವಿನಲ್ಲಿ, ಹಿಂದಿನ ಚಕ್ರಗಳಿಂದ ನಡೆಯುವ ಕಾರಿನಲ್ಲಿ ಥಟ್ಟನೆ ಕಾಲು ತೆಗೆದರೆ, ಆ ಎರಡು ಚಕ್ರಗಳು ಮಾತ್ರ ಹಿಂದಕ್ಕೆ ಜಗ್ಗಿ, ಹಿಡಿತ ತಪ್ಪಿ, ಕಾರಿನ ಹಿಂಭಾಗವು ಪಕ್ಕಕ್ಕೆ ಬೀಸಿಕೊಳ್ಳಬಹುದು. ರೀಜೆನ್ನನ್ನು ಕಡಮೆ ಮಾಡುವ, ಮೋಟಾರಿನ ರಭಸವನ್ನು ಸೌಮ್ಯಗೊಳಿಸುವ ಹಿಮದ ಮೋಡು ಅನೇಕ ಕಾರುಗಳಲ್ಲಿರುವುದು ಇದಕ್ಕಾಗಿಯೇ.

ಇದರ ಎದುರಿಗೆ ಒಂದು ದೊಡ್ಡ ಗುಣವನ್ನೂ ಹೇಳಬೇಕು. ಚಕ್ರ ಜಾರಲಾರಂಭಿಸಿದೊಡನೆ ಎಂಜಿನ್ನಿನ ಬಲವನ್ನು ತಗ್ಗಿಸಲು ಪೆಟ್ರೋಲ್ ಕಾರಿಗೆ ಹಿಡಿಯುವ ಸಮಯಕ್ಕಿಂತ ಬಹು ಮುಂಚೆ, ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ, ವಿದ್ಯುತ್ ಮೋಟಾರು ತನ್ನ ಬಲವನ್ನು ತಿದ್ದಿಕೊಳ್ಳುತ್ತದೆ. ನಾನೂರು ಐನೂರು ಕಿಲೊ ತೂಗುವ ಬ್ಯಾಟರಿ ನೆಲಕ್ಕಂಟಿದಂತೆ ಕೆಳಗೆ ಮಲಗಿರುವುದರಿಂದ ಕಾರು ಓಲಾಡುವುದೂ ಕಡಮೆ. ಆದರೆ ಆ ಭಾರವೇ ನಿಲ್ಲಿಸುವಾಗ ವೈರಿ. ಹಿಮದ ಮೇಲೆ ಹೊರಡುವುದರಲ್ಲಿ ತೋರಿದ ಜಾಣ್ಮೆಯನ್ನು ನಂಬಿ, ನಿಲ್ಲುವುದರಲ್ಲಿಯೂ ಅದೇ ಜಾಣ್ಮೆ ಇದ್ದೀತೆಂದು ವೇಗವಾಗಿ ಹೋದವರು ಪಕ್ಕದ ಹಳ್ಳಕ್ಕೆ ಇಳಿದಿದ್ದಾರೆ.

ನಿಲ್ಲಿಸುವುದು ಕೊನೆಗೂ ಟೈರಿನ ಕೆಲಸ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆಯ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಈಗ ನೋಕಿಯನ್ ಎಂದು ಹೆಸರಾದ ಫಿನ್ಲೆಂಡಿನ ಕಂಪನಿ 1934ರಲ್ಲಿಯೇ ಲಾರಿಗಳಿಗಾಗಿ ಹಿಮದ ಟೈರನ್ನು ಮಾಡಿತು. ನಾರ್ವೆಯಲ್ಲಿ ಚಳಿಗಾಲದುದ್ದಕ್ಕೂ ಟೈರಿನ ಗೀರುಗಳು ಕನಿಷ್ಠ 3 ಮಿಲಿಮೀಟರ್ ಆಳವಿರಲೇಬೇಕೆಂಬುದು ಕಾಯಿದೆ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿ ಒಂದು ಪಿಎಸ್‌ಐನಷ್ಟು ಇಳಿಯುತ್ತದೆ; ಭಾರವಾದ ಕಾರಿಗೆ ಅದು ರೇಂಜಿನ ನಷ್ಟವೂ ಹೌದು, ಹಿಡಿತದ ನಷ್ಟವೂ ಹೌದು.

ಈ ಪಾಠಗಳನ್ನೆಲ್ಲ ಕಾರು ತಯಾರಕರು ಕಲಿಯುವ ಒಂದು ಸ್ಥಳವುಂಟು. ಸ್ವೀಡನ್ನಿನ ಲ್ಯಾಪ್‌ಲೆಂಡಿನಲ್ಲಿರುವ ಆರ್ಯೆಪ್ಲೋಗ್ ಎಂಬ ಪುಟ್ಟ ಊರಿನ ಸರೋವರಗಳು ಪ್ರತಿವರ್ಷ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ, ಯೂರೋಪಿನ ದೊಡ್ಡ ಕಂಪನಿಗಳ ಎಂಜಿನಿಯರರು ಬಂದಿಳಿದು, ನೀರಿನ ಮೇಲಿನ ಆ ಮಂಜಿನ ಬಯಲಿನಲ್ಲಿ ಇನ್ನೂ ಪೇಟೆಗೆ ಬಾರದ ಕಾರುಗಳನ್ನು ಸುತ್ತುಸುತ್ತಿಸಿ ಪರೀಕ್ಷಿಸುತ್ತಾರೆ.

ಹಿಮದಲ್ಲಿ ಸಿಕ್ಕಿಕೊಂಡರೆ?

2022ರ ಜನವರಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಹೆದ್ದಾರಿಯೊಂದರಲ್ಲಿ ಹಿಮಪಾತದಿಂದಾಗಿ ನೂರಾರು ವಾಹನಗಳು ಒಂದು ದಿನದಷ್ಟು ಹೊತ್ತು ಸಿಕ್ಕಿಬಿದ್ದಾಗ, ಎಲ್ಲ ಕಾರುಗಳೂ ವಿದ್ಯುತ್ತಿನವಾಗಿದ್ದರೆ ಗತಿ ಏನಾಗುತ್ತಿತ್ತೆಂಬ ಆತಂಕ ಎದ್ದಿತು. ಲೆಕ್ಕ ಹಾಕಿ ನೋಡೋಣ. ನಿಂತ ಕಾರನ್ನು ಬೆಚ್ಚಗಿಡಲು ಗಂಟೆಗೆ ಒಂದೂವರೆಯಿಂದ ಎರಡು ಯೂನಿಟ್ ಬೇಕೆಂದರೂ, 60 ಯೂನಿಟ್ಟಿನ ಬ್ಯಾಟರಿ ಅರ್ಧ ತುಂಬಿದ್ದರೆ 15ರಿಂದ 20 ಗಂಟೆಗಳ ಕಾಲ ಒಳಗಿದ್ದವರನ್ನು ಕಾಪಾಡುತ್ತದೆ. ಪೆಟ್ರೋಲ್ ಕಾರಿನಲ್ಲಾದರೆ ಹೊಗೆಕೊಳವೆಗೆ ಹಿಮ ಮುಚ್ಚಿ ವಿಷಾನಿಲ ಒಳಗೆ ಸೇರುವ ಭಯವುಂಟು, ಇಲ್ಲಿ ಅದಿಲ್ಲ. ಬ್ಯಾಟರಿ ಬರಿದಾಗುವ ಅಂಚಿನಲ್ಲಿ ಹಿಮದ ಹಾದಿಗೆ ಇಳಿದವನಿಗೆ ಮಾತ್ರ ಈ ಲೆಕ್ಕ ಧೈರ್ಯ ಕೊಡಲಾರದು.

ಗೋಡೆಯ ಪ್ಲಗ್ಗು

1989ರಲ್ಲಿ ನಾರ್ವೆಯ ಆ-ಹಾ ತಂಡದ ಗಾಯಕ ಮಾರ್ಟನ್ ಹಾರ್ಕೆಟ್ ಮತ್ತು ಪರಿಸರ ಹೋರಾಟಗಾರ ಫ್ರೆಡ್ರಿಕ್ ಹೌಗೆ, ವಿದ್ಯುತ್ತಿಗೆ ಪರಿವರ್ತಿಸಿದ ಪುಟ್ಟ ಫಿಯೆಟ್ ಪಾಂಡಾ ಕಾರೊಂದನ್ನು ತರಿಸಿ, ಹೊಗೆಯುಗುಳದ ಕಾರಿಗೆ ಸುಂಕವೇಕೆಂದು ವಾದಿಸುತ್ತ ಟೋಲ್ ಕೊಡದೆ ಮತ್ತೆಮತ್ತೆ ಹಾದುಹೋದರು. ಅಧಿಕಾರಿಗಳು ಕಾರನ್ನು ಜಪ್ತು ಮಾಡಿ ಹರಾಜು ಹಾಕಿದರು. ಆದರೆ 1990ರಿಂದ ಆಮದು ತೆರಿಗೆ, 1997ರಿಂದ ಟೋಲ್, 2001ರಿಂದ ಮೌಲ್ಯವರ್ಧಿತ ತೆರಿಗೆ, ಹೀಗೆ ಒಂದೊಂದಾಗಿ ವಿನಾಯಿತಿಗಳು ಬಂದುವು.

> ಚೌಕಟ್ಟಿನೊಳಗೆ: ಬೊಮ್ಮಸಂದ್ರದಿಂದ ನಾರ್ವೆಗೆ
>
> ನಾರ್ವೆಯ ಹಿಮದಲ್ಲಿ ಆ ಮೊದಲ ದಿನಗಳಲ್ಲಿ ಓಡಾಡಿದ ಪುಟ್ಟ ಕಾರುಗಳಲ್ಲಿ ನಮ್ಮ ಬೆಂಗಳೂರಿನ ಬೊಮ್ಮಸಂದ್ರದ ರೇವಾ ಕೂಡ ಒಂದು. ಚೇತನ್ ಮೈನಿ ಅವರ ನೇತೃತ್ವದಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ಈ ಎರಡು ಬಾಗಿಲಿನ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂದು ಹೆಸರಾಯಿತು. ಮೊದಲು ಅದರಲ್ಲಿದ್ದುದು ಸೀಸ-ಆಮ್ಲದ ಬ್ಯಾಟರಿ. 2009ರಲ್ಲಿ ಲೀಥಿಯಂ ಮಾದರಿಯೂ ಬಂದಿತು.

ತೆರಿಗೆಯ ವಿನಾಯಿತಿ ಕಾರನ್ನು ಕೊಳ್ಳಿಸಿತು. ಚಳಿಯಲ್ಲಿ ಅದನ್ನು ಓಡಿಸುವುದನ್ನು ಮಾತ್ರ ಹಳೆಯದೊಂದು ರೂಢಿ ಕಲಿಸಿತು. ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿ ಕಾರಿಗೆ ಹೀಟರಿನ ವಯರು ಸಿಕ್ಕಿಸಿಡುವುದು ಉತ್ತರದೇಶಗಳಲ್ಲಿ ವಿದ್ಯುತ್ ಕಾರಿಗಿಂತ ಎಷ್ಟೋ ಹಳೆಯ ವಾಡಿಕೆ. ಇಂದು ಅದೇ ಗೋಡೆಯಿಂದ ಚಾರ್ಜಿಂಗ್ ಕೇಬಲು ಹೊರಡುತ್ತದೆ.

ಹೊರಡುವ ಗಂಟೆಯನ್ನು ಫೋನಿನಲ್ಲಿ ಮೊದಲೇ ಗೊತ್ತುಮಾಡಿಟ್ಟರೆ, ಕೇಬಲು ಇನ್ನೂ ಗೋಡೆಗಿರುವಾಗಲೇ ಮನೆಯ ವಿದ್ಯುತ್ತಿನಿಂದ ಕಾರಿನ ಒಳಭಾಗ ಬೆಚ್ಚಗಾಗುತ್ತದೆ, ಎಷ್ಟೋ ಕಾರುಗಳಲ್ಲಿ ಬ್ಯಾಟರಿಯೂ. ಗಾಜಿನ ಮೇಲಿನ ಹಿಮದ ಹೂವುಗಳು ಕರಗಿ ಅಂಚಿನಿಂದ ಇಳಿಯುತ್ತವೆ. ಬ್ಯಾಟರಿಯಲ್ಲಿ ಕೂಡಿಟ್ಟುದರಿಂದ ಒಂದು ಯೂನಿಟ್ಟೂ ಇದಕ್ಕೆ ಹೋಗಿರುವುದಿಲ್ಲ. ಶಿಕಾಗೋದ ಸಾಲಿನಲ್ಲಿ ನಿಂತ ಕಾರಿಗೂ ಓಸ್ಲೋದ ಈ ಕಾರಿಗೂ ಇರುವ ಮುಖ್ಯ ಅಂತರ ಇಷ್ಟೆ.

2024ರ ಆ ಜನವರಿಯ ಮೊದಲ ಒಂಬತ್ತು ದಿನಗಳಲ್ಲಿ ನಾರ್ವೆಯ ವೈಕಿಂಗ್ ಎಂಬ ರಸ್ತೆ ನೆರವಿನ ಸಂಸ್ಥೆಗೆ ಬಂದ ಸುಮಾರು 34 ಸಾವಿರ ಕರೆಗಳಲ್ಲಿ ವಿದ್ಯುತ್ ಕಾರುಗಳವು ಶೇಕಡಾ 13 ಮಾತ್ರ. ದೇಶದ ಕಾರುಗಳಲ್ಲಿ ಅವುಗಳ ಪಾಲು ನಾಲ್ಕರಲ್ಲೊಂದರ ಹತ್ತಿರವಿತ್ತು. ಅವುಗಳಲ್ಲಿ ಬಹುಪಾಲು ಹೊಸ ಕಾರುಗಳೆಂಬುದನ್ನೂ ಇಲ್ಲಿ ಗಣಿಸಬೇಕು. ತೊಂದರೆಗಳಿಲ್ಲದೆ ಇಲ್ಲ: ಮೈಗೆ ಅಂಟಿದಂತಿರುವ ಬಾಗಿಲ ಹಿಡಿಗಳು ಹೆಪ್ಪುಗಟ್ಟಿ ತೆರೆಯುವುದಿಲ್ಲ, ಚಾರ್ಜಿಂಗ್ ಕಿಂಡಿಯ ಮುಚ್ಚಳಕ್ಕೆ ಮಂಜು ಕಟ್ಟುತ್ತದೆ, ಓಸ್ಲೋದಲ್ಲಿ ಅದೇ ಚಳಿಗಾಲ ವಿದ್ಯುತ್ ಬಸ್ಸುಗಳ ಸಂಚಾರವನ್ನು ಅನೇಕ ಸಲ ರದ್ದುಪಡಿಸಬೇಕಾಯಿತು.

ಬೀದರಿನಲ್ಲಿ ಚಳಿ ಐದಾರು ಡಿಗ್ರಿಗೆ ಇಳಿದರೆ ಸುದ್ದಿಯಾಗುವ ನಮ್ಮ ರಾಜ್ಯಕ್ಕೆ ಇದರಿಂದೇನೆಂದು ಕೇಳಬಹುದು. ಅರೇನಿಯಸನ ಸೂತ್ರಕ್ಕೆ ಇನ್ನೊಂದು ತುದಿಯೂ ಇದೆ. ಚಳಿಯು ಬ್ಯಾಟರಿಯೊಳಗಿನ ಒಳ್ಳೆಯ ಕ್ರಿಯೆಗಳನ್ನು ನಿಧಾನಿಸುವಂತೆಯೇ, ಸೆಖೆಯು ಅದನ್ನು ಮುದಿಯಾಗಿಸುವ ಕೆಟ್ಟ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ. ಚಳಿಯ ನಷ್ಟ ವಸಂತದಲ್ಲಿ ತುಂಬಿಬರುತ್ತದೆ, ಕಲಬುರಗಿ ರಾಯಚೂರುಗಳ ಬಿಸಿಲಿನಲ್ಲಿ ಪೂರ್ತಿ ಚಾರ್ಜಾಗಿ ದಿನಗಟ್ಟಲೆ ನಿಂತ ಬ್ಯಾಟರಿಯ ನಷ್ಟ ತುಂಬಿಬರುವುದಿಲ್ಲ. ನಮ್ಮ ಕಾರುಗಳಿಗೆ ಬೇಕಾದುದು ನೆರಳು, ಮತ್ತು ರಾತ್ರಿಯ ತಂಪಿನಲ್ಲಿ ನಿಧಾನವಾಗಿ ತುಂಬುವ ಮನೆಯ ಪ್ಲಗ್ಗು.

ಆ ಪ್ಲಗ್ಗಿಗಾಗಿಯೇ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳಿಗೂ ಸಂಘಗಳಿಗೂ ಜಗ್ಗಾಟ ನಡೆಯುತ್ತಿರುವುದನ್ನು ಕಾಣುತ್ತೇವೆ. ಸಕಾರಣವಿಲ್ಲದೆ ಸಂಘವು ಚಾರ್ಜಿಂಗಿಗೆ ಅನುಮತಿ ನಿರಾಕರಿಸುವಂತಿಲ್ಲವೆಂದು ನಾರ್ವೆ 2018ರಿಂದಲೇ ಅಪಾರ್ಟ್‌ಮೆಂಟುಗಳ ಕಾಯಿದೆಯಲ್ಲಿ ಬರೆದುಕೊಂಡಿದೆ. ಗೀಸರಿಗೆ ಹಾಕುವಂಥ 16 ಆಂಪಿಯರಿನ ಸಾಕೆಟ್ಟಿನಿಂದ 3 ಕಿಲೊವ್ಯಾಟಿನಂತೆ ರಾತ್ರಿಯ ಹತ್ತು ಗಂಟೆಗಳಲ್ಲಿ ತುಂಬುವುದು ಸುಮಾರು 30 ಯೂನಿಟ್. ಬೆಂಗಳೂರಿನಿಂದ ಮೈಸೂರಿಗೆ ಹೋಗಲು ಅಷ್ಟು ಸಾಕು, ಮಿಗುವುದೂ ಉಂಟು.